ಐದನೇ ನಂಬರಿನ ಲವಣ

ಆ ಭಾನುವಾರ ಬೆಳಿಗ್ಗೆ ಎದ್ದಾಗಿನಿಂದ ಶೇಖರನಿಗೆ ಒಂದೇ ಪ್ರಾರ್ಥನೆ: ಇವತ್ತೊಂದು ದಿನ ಮೀನಿನ ಜಲಜ ಈ ಕಡೆ ಬಾರದಿರಲಿ. ಹದಿನೆಂಟು ವರ್ಷದಿಂದ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುತ್ತಿರುವವನು, ಸಾಸ್ತಾನದ ಪೇಟೆಗೆ ಹೋದರೆ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೇಳುವಂಥವನು, ಮೀನು ಮಾರುವ ಒಬ್ಬ ಹೆಂಗಸಿಗೆ ಹೆದರಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಜಗಲಿಯಲ್ಲಿ ಕುಳಿತಿದ್ದಾನೆ ಎಂದರೆ ನಗಬೇಕೋ ಅಳಬೇಕೋ. ಹೊರಗೆ ಹೈವೇ ಅಗಲ ಮಾಡುವ ಯಂತ್ರಗಳು ಭಾನುವಾರವೆಂದೂ ನೋಡದೆ ಗುಡುಗುಡು ಎನ್ನುತ್ತಿದ್ದವು. ಆ ಸದ್ದಿನ ನಡುವೆಯೂ ಗೇಟಿನ ಚಿಲಕಕ್ಕೆ ಗಾಳಿ ತಗುಲಿದರೆ ಸಾಕು, ಅವನು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತುತ್ತಿದ್ದ. "ಎಂತ ಹ್ವಾಯ್, ಒಂದೇ ಪುಟ ಎಷ್ಟ್ ಹೊತ್ತ್ ಓದುದ್? ಅದ್ರಂಗೆ ನಿಮ್ಮ್ ಫೋಟೊ ಬೈಂದಾ?" ಎಂದು ಒಳಗಿನಿಂದ ಹೆಂಡತಿ ಸ್ನೇಹಲತಾ ಕೇಳಿದಳು. ಅವನು ಹೂಂ ಎಂದ. ಯಾವುದಕ್ಕೆ ಹೂಂ ಎಂದೆ ಎಂದು ಅವನಿಗೇ ತಿಳಿಯಲಿಲ್ಲ.

ಹಂಗಾರಕಟ್ಟೆಯಿಂದ ಬುಟ್ಟಿ ಹೊತ್ತು ರಿಕ್ಷಾದಲ್ಲಿ ಬಂದಿಳಿಯುವ ಜಲಜ ಭಾನುವಾರ ಮೊದಲು ಬರುವುದೇ ಇವರ ಮನೆಗೆ. ಅವಳ ಅತ್ತೆಯ ಕಾಲದಿಂದಲೂ ಹಾಗೆ. ಆಗ ಆ ಮುದುಕಿ ಅಂಗಳದ ಕೆಳಗೇ ಬುಟ್ಟಿ ಇಳಿಸಿ, ಶೇಖರನ ಅಮ್ಮ ಮೇಲಿನಿಂದ ಬಗ್ಗಿ ನೋಡಿ, ಇದು ಬೇಡ ಅದು ಹಾಕು ಎಂದು ಬೆರಳು ತೋರಿಸುತ್ತಿದ್ದುದು ಅವನಿಗೆ ನೆನಪಿದೆ. ಈಗ ಜಲಜ ಮೆಟ್ಟಿಲ ತನಕ ಬರುತ್ತಾಳೆ. ಮಗಳು ಅಮಿತಾ ಅವನ ಕಾಲೇಜಿಗೆ ಸೇರಿದ ಮೇಲೆ ಜಗಲಿಯ ಕಂಬಕ್ಕೆ ಒರಗಿ ಎರಡು ಮಾತಾಡುವಷ್ಟು ಸಲಿಗೆಯೂ ಬಂದಿದೆ. ಅಮಿತಾಳಿಗೆ ಸೈನ್ಸ್ ಕೊಡಿಸು ಎಂದು ಎರಡು ವರ್ಷದ ಹಿಂದೆ ಇದೇ ಕಂಬದ ಹತ್ತಿರ ಹೇಳಿದವನು ಅವನೇ. ಅದರ ತಲೆ ಚುರುಕಿದೆ, ಹಾಳು ಮಾಡಬೇಡ ಎಂದಿದ್ದ. ಹಾಳು ಮಾಡಬೇಡ ಎಂದದ್ದು ಯಾರಿಗೆ ಯಾರು ಮಾರಾಯ್ರೆ!

ನಡೆದದ್ದು ಮೊನ್ನೆ ಶುಕ್ರವಾರ, ಎರಡನೇ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ. ನಡೆದದ್ದು ಎನ್ನುವಷ್ಟು ದೊಡ್ಡದೇನೂ ಅಲ್ಲ. ಯಾರೂ ಸಾಯಲಿಲ್ಲ, ಯಾವ ಸೀಸೆಯೂ ಸಿಡಿಯಲಿಲ್ಲ. ಹಿಂದಿನ ಸಂಜೆ ಲ್ಯಾಬಿನ ಅಟೆಂಡರ್ ಕುಷ್ಟ ಫೋನು ಮಾಡಿ, "ಸರ್, ಡಿಸ್ಟಿಲ್ಡ್ ವಾಟರ್ ಪೂರಾ ಖಾಲಿ, ನಾಳೆಗೆ ಎಂತ ಮಾಡುದ್?" ಎಂದು ಕೇಳಿದ್ದ. ಉಡುಪಿಯಿಂದ ಕ್ಯಾನು ತರಿಸುವ ಚೀಟಿಗೆ ಶೇಖರ ಜನವರಿಯಲ್ಲೇ ಸಹಿ ಹಾಕಬೇಕಿತ್ತು. ಇವತ್ತು ನಾಳೆ ಎನ್ನುತ್ತ ಅದು ಅವನ ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಕಾರಣ ಕೇಳಿದರೆ ಕಾರಣವೇ ಇಲ್ಲ, ಸೋಮಾರಿತನ ಎನ್ನುವುದೊಂದು ಬಿಟ್ಟರೆ. "ಬಾವಿದ್ ತುಂಬ್ಸ್ ಮಾರಾಯ, ಒಂದಿನಕ್ಕೆ ಎಂತ ಆತ್ತ್?" ಎಂದು ಅವನು ಫೋನಿಟ್ಟಿದ್ದ. ಕಾಲೇಜಿನ ಬಾವಿಗೆ ಹೊಳೆ ಕೂಗಿದರೆ ಕೇಳುವಷ್ಟು ಹತ್ತಿರ. ಬೇಸಿಗೆಯಲ್ಲಿ ಸಮುದ್ರದ ಉಬ್ಬರ ಹೊಳೆಗೆ ಏರಿ, ಹೊಳೆಯಿಂದ ಬಾವಿಗೂ ಇಳಿದು ನೀರು ಉಪ್ಪಾಗುವುದು ಈ ಸೀಮೆಯ ಹುಟ್ಟಿದ ಮಗುವಿಗೂ ಗೊತ್ತು. ಆದರೆ ಅದು ಮಾರ್ಚಿನ ಮಾತು ಎಂದುಕೊಂಡಿದ್ದ ಅವನು. ಈ ವರ್ಷ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾಗಿ ಫೆಬ್ರವರಿಯಲ್ಲೇ ಉಪ್ಪು ಏರಿತ್ತು. ಸ್ಟಾಫ್ ರೂಮಿನ ಚಹಾ ಎರಡು ವಾರದಿಂದ ರುಚಿ ಕೆಟ್ಟಿದೆ ಎಂದು ತಾನೇ ಬೈದದ್ದು ಅವನಿಗೆ ಆಗ ನೆನಪಾಗಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕ ಮನೀಷ್, ಬೈಂದೂರು ಕಡೆಯ ಒಂದು ಕಾಲೇಜಿನವನು. ಮೂವತ್ತರ ಆಸುಪಾಸು. ಅಪ್ಪನ ಕ್ಯಾಂಟೀನಿದ್ದ ಮುಂಬಯಿಯ ಘಾಟ್ಕೋಪರಿನಲ್ಲಿ ಬೆಳೆದು ಊರಿಗೆ ಮರಳಿದವನು, ಮಾತು ಮಾತಿಗೂ ಅರೆ ಎನ್ನುವವನು. ಕೆಟ್ಟವನಲ್ಲ. ಬಂದ ಕೂಡಲೇ ಶೇಖರನ ಕಾಲಿಗೆ ಬಗ್ಗುವವನ ಹಾಗೆ ಮಾಡಿ, "ಸರ್, ನೀವ್ ಸೀನಿಯರ್, ನೀವ್ ಹೇಳ್ದಾಂಗೆ" ಎಂದಿದ್ದ. ಇಪ್ಪತ್ತು ಮಕ್ಕಳು, ಏಳೆಂಟು ನಂಬರಿನ ಸಣ್ಣ ಸಣ್ಣ ಸೀಸೆ. ಒಬ್ಬೊಬ್ಬರಿಗೆ ಒಂದೊಂದರಿಂದ ಚಿಟಿಕೆ ಲವಣ. ಅದು ಯಾವ ಲವಣ ಎಂದು ಮೂರು ಗಂಟೆಯೊಳಗೆ ಪರೀಕ್ಷಿಸಿ ಹೇಳಬೇಕು. ಇದು ಕಾಗದದ ಮೇಲಿನ ಸಂಗತಿ. ನಿಜ ಸಂಗತಿ ಏನೆಂದರೆ, ಬೆಳಿಗ್ಗೆ ಕುಷ್ಟ ಬಕೆಟು ತೊಳೆಯುವ ನೆವದಲ್ಲಿ ಒಂದನೇ ನಂಬರು ಇದು, ಎರಡನೇ ನಂಬರು ಅದು ಎಂದು ದೇವರ ನಾಮ ಗುನುಗಿದ ಹಾಗೆ ಗುನುಗುತ್ತಾನೆ. ನಳ್ಳಿಯ ಸುತ್ತ ನಿಂತ ಮಕ್ಕಳು ಅಂಗೈಯಲ್ಲಿ ಬರೆದುಕೊಳ್ಳುತ್ತಾರೆ. ಉಪನ್ಯಾಸಕರು ಆ ಹೊತ್ತಿಗೆ ಸರಿಯಾಗಿ ಚಹಾಕ್ಕೆ ಹೋಗಿರುತ್ತಾರೆ. ಹೊರಗಿನಿಂದ ಬಂದವರ ಕಾಲೇಜಿನಲ್ಲೂ ಒಬ್ಬ ಕುಷ್ಟ ಇದ್ದೇ ಇರುತ್ತಾನಾದ್ದರಿಂದ ಅವರೂ ಚಹಾ ಕುಡಿಯುತ್ತಾರೆ. ಗೇಟಿನ ಹತ್ತಿರ ನೂರಕ್ಕೆ ನೂರು ಫಲಿತಾಂಶದ ಬೋರ್ಡು ಸುಮ್ಮನೆ ಬೀಳುತ್ತದೆಯೇ.

ಹತ್ತೂವರೆಯ ಹೊತ್ತಿಗೆ ಅಮಿತಾ ಅವನ ಮೇಜಿನ ಬಳಿ ಬಂದಳು. ಎರಡು ಜಡೆ, ತೋಳು ಮಡಚಿದ ಬಿಳಿ ಕೋಟು, ಕೈಯಲ್ಲಿ ಸೆಟೆದ ತಂತಿ. "ಸರ್, ಎರಡೆರಡ್ ಬತ್ತಾ ಇತ್ತ್" ಎಂದಳು ಸಣ್ಣ ದನಿಯಲ್ಲಿ. ಐದನೇ ನಂಬರು ಬೇರಿಯಂ ನೈಟ್ರೇಟ್. ಜ್ವಾಲೆಗೆ ಹಿಡಿದರೆ ಹಸಿರು ಬರಬೇಕು. ಅವಳಿಗೆ ಹಸಿರು ಒಂದು ಕ್ಷಣ ಮಿಂಚಿ ಮತ್ತೆ ಹಳದಿಯೇ ಹಳದಿ. ತಂತಿಯನ್ನು ಏಳು ಸಲ ಆಸಿಡ್ಡಿನಲ್ಲಿ ಅದ್ದಿ, ನೀರಿನಲ್ಲಿ ತೊಳೆದು ನೋಡಿದ್ದಳು, ಮತ್ತೂ ಹಳದಿ. ಸಿಲ್ವರ್ ನೈಟ್ರೇಟ್ ಹಾಕಿದರೆ ಮೊಸರಿನ ಹಾಗೆ ಬಿಳಿ ಒಡೆಯುತ್ತಿತ್ತು, ಅಂದರೆ ಕ್ಲೋರೈಡ್. "ಸಮಾ ಕಾಣ್" ಎಂದ ಶೇಖರ. "ಕಂಡೆ ಸರ್." "ಮತ್ತೊಂದ್ ಸಲ ಕಾಣ್." ಅವಳು ಹೋದಳು, ಮತ್ತೆ ಬಂದಳು. "ಮೂರ್ ಸಲ ಕಂಡೆ ಸರ್. ಹಳದಿ ಹೋತಿಲ್ಲೆ." ಉಳಿದ ಹತ್ತೊಂಬತ್ತು ಮಂದಿ ತಲೆ ತಗ್ಗಿಸಿ, ಪುಸ್ತಕದಲ್ಲಿದ್ದ ಹಾಗೆಯೇ, ಆಗಬೇಕಾದ್ದೇ ಆಯಿತು ಎಂದು ಬರೆಯುತ್ತಿದ್ದರು. ಅವರ ಬರ್ನರುಗಳಲ್ಲೂ ಜ್ವಾಲೆ ಹಳದಿಯಾಗಿಯೇ ಉರಿಯುತ್ತಿತ್ತು. ಸಾಲಾಗಿ ಇಪ್ಪತ್ತು ಹಳದಿ ಜ್ವಾಲೆ, ನೋಡುವವರು ಯಾರೂ ಇಲ್ಲ. ಶೇಖರ ನೋಡಿದ. ನೋಡಿದ ಕೂಡಲೇ ಅವನಿಗೆ ಬಾವಿಯ ನೀರು ನೆನಪಾಯಿತು.

ಹಿಂದಿನ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿ, ಕ್ಯಾನಿನಿಂದ ನಾಲ್ಕು ಹನಿ ಅಂಗೈಗೆ ಸುರಿದುಕೊಂಡು ನೆಕ್ಕಿದ. ಲ್ಯಾಬಿನಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು ಎಂದು ಪ್ರತಿ ಜೂನಿನಲ್ಲಿ ಮಕ್ಕಳಿಗೆ ಹೇಳುವ ಮೊದಲನೇ ಪಾಠ ಅವನದ್ದೇ. ಉಪ್ಪು. ಸಂಶಯವೇ ಇಲ್ಲ. ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮುಳುಗಿ ಏಳುವಾಗ ಬಾಯಿಗೆ ಬಂದ ಅದೇ ಉಪ್ಪು. ಹುಡುಗಿ ಹೇಳಿದ್ದು ಸರಿ, ಅಕ್ಷರಕ್ಕೆ ಅಕ್ಷರ ಸರಿ. ಇಪ್ಪತ್ತು ಮಂದಿಯಲ್ಲಿ ಕಣ್ಣು ಬಿಟ್ಟು ನೋಡಿದವಳು ಒಬ್ಬಳೇ. ಈಗ ಹೋಗಿ, ಲ್ಯಾಬಿನ ನೀರು ಕೆಟ್ಟಿದೆ ಎಂದು ಮನೀಷನ ಕಿವಿಯಲ್ಲಿ ಹೇಳಬೇಕು, ಅಷ್ಟೇ ಕೆಲಸ. ಮೂರು ಶಬ್ದ. ಆದರೆ ಆ ಮೂರು ಶಬ್ದದ ಹಿಂದೆ ಮತ್ತೊಂದು ಬರುತ್ತದೆ: ನೀರು ಕೆಟ್ಟಿದ್ದರೆ ಹತ್ತೊಂಬತ್ತು ಮಂದಿಗೆ ಸರಿಯಾದ ಉತ್ತರ ಎಲ್ಲಿಂದ ಬಂತು? ಅದರ ಹಿಂದೆ ಕುಷ್ಟ, ಕುಷ್ಟನ ಹಿಂದೆ ಅವನು, ಡ್ರಾಯರಿನಲ್ಲಿದ್ದ ಚೀಟಿ, ಪ್ರಿನ್ಸಿಪಾಲರು, ಪರೀಕ್ಷೆ ರದ್ದು, ವಿಚಾರಣೆ. ಪಾಪ, ಕುಷ್ಟನಿಗೆ ಎರಡು ಹೆಣ್ಣುಮಕ್ಕಳು, ಅವನ ಕೆಲಸ ಹೋದೀತು ಎಂದುಕೊಂಡ. ಅಂದುಕೊಂಡ ಕೂಡಲೇ, ಎಷ್ಟು ಬೇಗ ಕುಷ್ಟನ ಹೆಣ್ಣುಮಕ್ಕಳು ನೆನಪಾದರಲ್ಲ ನಿನಗೆ, ಅವರ ಹೆಸರಾದರೂ ಗೊತ್ತೇನೋ ಎಂದು ಒಳಗಿನಿಂದ ಯಾರೋ ಕೇಳಿದ ಹಾಗಾಯಿತು. ಗೊತ್ತಿರಲಿಲ್ಲ.

ಒಂದು ಕಾಲಕ್ಕೆ ಅವನೂ ನೋಡಿದವನೇ. ಮಂಗಳಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಕಿಟಕಿಗೆ ಕಪ್ಪು ಬಟ್ಟೆ ಹೊದೆಸಿದ ಕೋಣೆಯಲ್ಲಿ, ಮಧ್ಯಾಹ್ನ ಊಟಕ್ಕೂ ಹೋಗದೆ, ಸೋಡಿಯಂ ದೀಪದ ಹಳದಿಯನ್ನು ಸೀಳಿ ಸೀಳಿ ನೋಡಿದ್ದ. ಒಂದು ಎಂದುಕೊಂಡ ಗೆರೆ ನಿಧಾನವಾಗಿ ಎರಡಾಗಿ ಬಿಟ್ಟುಕೊಂಡಿತ್ತು, ಕೂದಲೆಳೆಯಷ್ಟು ಅಂತರದಲ್ಲಿ ಎರಡು ಹಳದಿ ಗೆರೆ. ಪುಸ್ತಕದಲ್ಲಿ ನೂರು ಸಲ ಓದಿದ್ದೇ ಅದು. ಆದರೂ ಕಣ್ಣಿಗೆ ಕಂಡಾಗ ಅವನು ಕೂಗಿಬಿಟ್ಟಿದ್ದ. ಪ್ರೊಫೆಸರು ಓಡಿ ಬಂದು, ಏನಾಯಿತು ಎಂದು ಕೇಳಿ, ಅವನ ಮುಖ ನೋಡಿ, ಬೈಯದೆ, ನೀನು ಇಲ್ಲೇ ಇರು, ರಿಸರ್ಚಿಗೆ ಸೇರು ಎಂದಿದ್ದರು. ತೊಂಬತ್ತೇಳರ ಬೇಸಿಗೆಯಲ್ಲಿ ಈ ಕಾಲೇಜಿನ ಕೆಲಸ ಬಂತು, ಕೈಗೆ ಬಂದದ್ದು ಬಿಡ್ಬೇಡ ಎಂದರು ಅಪ್ಪ, ಅವನು ಬಂದ. ಯಾರೂ ಎಳೆದು ತರಲಿಲ್ಲ. ಇಲೆಕ್ಟ್ರಾನನ್ನೂ ಯಾರೂ ಎಳೆದು ತರುವುದಿಲ್ಲ. ಪರಮಾಣುವಿನೊಳಗೆ ಅದಕ್ಕೊಂದು ತಳದ ಮೆಟ್ಟಿಲಿದೆ, ಗ್ರೌಂಡ್ ಸ್ಟೇಟ್ ಎನ್ನುತ್ತಾರೆ, ಅದು ಅದರ ಮನೆ. ಬೆಂಕಿ ತಗುಲಿದರೆ ಮೇಲಿನ ಮೆಟ್ಟಿಲಿಗೆ ಹಾರುತ್ತದೆ, ಅದು ಎಕ್ಸೈಟೆಡ್ ಸ್ಟೇಟ್. ಅಲ್ಲಿ ಎಷ್ಟು ಹೊತ್ತು ಇರುತ್ತದೆ ಮಹಾ? ಒಂದು ಸೆಕೆಂಡನ್ನು ಹತ್ತು ಕೋಟಿ ಪಾಲು ಮಾಡಿದರೆ ಅಂಥದ್ದು ಒಂದೋ ಎರಡೋ ಪಾಲು. ಮತ್ತೆ ತಳಕ್ಕೆ. ಪ್ರತಿ ವರ್ಷ ಜುಲೈಯಲ್ಲಿ ಬೋರ್ಡಿನ ಮೇಲೆ ಮೆಟ್ಟಿಲು ಬರೆದು ಅವನು ಇದನ್ನು ಹೇಳುತ್ತಾನೆ. ಕಳೆದ ವರ್ಷ ಹೇಳುವಾಗ ಎರಡನೇ ಬೆಂಚಿನಿಂದ ಅಮಿತಾ ಎದ್ದು ನಿಂತು, "ಸರ್, ಅದಕ್ಕೆ ಮೇಲೇ ಇಪ್ಪುಕೆ ಆತಿಲ್ಯಾ? ಕೆಳಗ್ ಬರ್ಲೇಬೇಕಾ?" ಎಂದು ಕೇಳಿದ್ದಳು. ಕ್ಲಾಸೆಲ್ಲ ನಕ್ಕಿತ್ತು. ಬರಲೇಬೇಕು ಎಂದು ಅವನೂ ನಕ್ಕು ಚಾಕ್ ಪೀಸನ್ನು ಡಬ್ಬಿಗೆ ಹಾಕಿದ್ದ.

ಸ್ಟೋರ್ ರೂಮಿನಿಂದ ಹೊರಗೆ ಬರುವಾಗ ಕುಷ್ಟ ಎದುರಾದ. ಅವನಿಗೂ ಮುಖ ನೋಡಿಯೇ ಅರ್ಥವಾಗಿತ್ತು. "ನೀವೇ ಹೇಳಿದ್ರಲ್ಲ ಸರ್, ಬಾವಿದ್ ತುಂಬ್ಸ್ ಅಂದ್ಹೇಳಿ" ಎಂದ ತಗ್ಗಿದ ದನಿಯಲ್ಲಿ. ಆಪಾದನೆಯೂ ಅಲ್ಲ, ಹೆದರಿಕೆಯೂ ಅಲ್ಲ. ಸುಮ್ಮನೆ ಲೆಕ್ಕ ಸರಿಯಿದೆಯಲ್ಲ ಎಂದು ನೆನಪಿಸಿದ ಹಾಗೆ. "ನೀ ಸುಮ್ನಿರ್" ಎಂದ ಶೇಖರ. ತನ್ನ ದನಿಯಲ್ಲಿ ಗದರಿಕೆಗಿಂತ ಬೇಡಿಕೆಯೇ ಹೆಚ್ಚಿದ್ದದ್ದು ಅವನಿಗೇ ಕೇಳಿಸಿತು. ಇನ್ನು ಮುಂದೆ ಈ ಕುಷ್ಟನ ಎದುರು ತಾನು ದನಿ ಏರಿಸುವ ಹಾಗಿಲ್ಲ, ಹತ್ತು ಗಂಟೆಗೆ ಬಂದರೂ ಹನ್ನೊಂದಕ್ಕೆ ಬಂದರೂ ಕೇಳುವ ಹಾಗಿಲ್ಲ ಎಂಬ ಸಣ್ಣ ಯೋಚನೆಯೊಂದು, ಆ ಹೊತ್ತಿನಲ್ಲೂ, ನಾಚಿಕೆಯಿಲ್ಲದೆ ಬಂದು ಹೋಯಿತು.

ಆಗಲೇ ಮನೀಷ್ ಅಮಿತಾಳನ್ನು ವೈವಾಕ್ಕೆ ಕರೆದಿದ್ದ. ಮೇಜಿನ ಆಚೆ ಅವಳು ನಿಂತಿದ್ದಳು, ಈಚೆ ಅವನು ಅವಳ ಉತ್ತರ ಪತ್ರಿಕೆ ಹಿಡಿದು ಹುಬ್ಬೇರಿಸುತ್ತಿದ್ದ. ಶೇಖರ ಪಕ್ಕದ ಕುರ್ಚಿಯಲ್ಲಿ ಕುಳಿತ. ಕೊನೆಯ ಸಾಲಿನಲ್ಲಿ ಹುಡುಗಿ ದುಂಡಗೆ ಬರೆದಿದ್ದಳು: ಕೊಟ್ಟ ಲವಣ ಬೇರಿಯಂ ನೈಟ್ರೇಟ್, ಅದರ ಜೊತೆಗೆ ಸೋಡಿಯಂ ಕ್ಲೋರೈಡ್ ಕೂಡ ಇದೆ. "ಅರೆ, ಅಡಿಗೆ ಉಪ್ಪ್! ಸರ್, ನೀವ್ ಸಾಂಬಾರಿಗೆ ಇಟ್ಕಂಡದ್ದ್ ಎಲ್ಲಾದ್ರೂ ಸೀಸೆಗೆ ಬಿತ್ತಾ?" ಎಂದು ಮನೀಷ್ ನಕ್ಕ. ಆಮೇಲೆ ಗಂಭೀರನಾಗಿ, "ಒಂದ್ ಲವಣ ಕೊಟ್ರೆ ಒಂದೇ ಇಪ್ಪುದ್ ಅಲ್ದಾ? ಎರಡ್ ಹ್ಯಾಂಗೆ ಬಂತ್?" ಎಂದು ಕೇಳಿದ. ಅವಳಿಗೂ ಬೆಳಿಗ್ಗೆ ನಳ್ಳಿಯ ಹತ್ತಿರ ಬೇರಿಯಂ ನೈಟ್ರೇಟ್ ಎಂದು ಕಿವಿಗೆ ಬಿದ್ದೇ ಇರಬೇಕು. ಅಷ್ಟನ್ನೇ ಬರೆದು ಕೂತಿದ್ದರೆ ಯಾರ ತಂಟೆಯೂ ಇರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಅದನ್ನು ಇವಳಿಗೆ ಯಾರೂ ಕಲಿಸಲಿಲ್ಲವೇ ಎಂದು ಶೇಖರನಿಗೆ ಸಿಟ್ಟು ಬಂತು. ನಿಜವಾಗಿ ಸಿಟ್ಟೇ ಬಂತು, ಅವಳ ಮೇಲೆ.

"ಜ್ವಾಲೆಯಂಗೆ ಹಳದಿ ಬಂತ್ ಸರ್" ಎಂದಳು ಅಮಿತಾ. ಹಳದಿ ಯಾಕೆ ಬರುತ್ತದೆ, ಎಕ್ಸೈಟೆಡ್ ಸ್ಟೇಟ್ ಅಂದರೇನು, ಹೇಳು ನೋಡುವ ಎಂದ ಮನೀಷ್. ಅವಳು ಪುಸ್ತಕದ ಇಂಗ್ಲಿಷಿನಲ್ಲಿ ಒಂದು ಸಾಲು ಶುರುಮಾಡಿ, ತಡವರಿಸಿ, ಅದನ್ನು ಅಲ್ಲೇ ಬಿಟ್ಟು ತನ್ನ ಮಾತಿಗೆ ಬಂದಳು. "ಬೆಂಕಿ ಸೆಖೆಗೆ ಇಲೆಕ್ಟ್ರಾನ್ ಮೇಲಿನ್ ಮೆಟ್ಲಿಗ್ ಹೋತ್ತ್ ಸರ್. ಅಲ್ಲ್ ನಿಂತ್ಕಂಬುಕೆ ಆತಿಲ್ಲೆ. ವಾಪಸ್ ಬಪ್ಪತಿಗೆ ತಕಂಡದ್ದನ್ನೆಲ್ಲ ಬೆಳ್ಕ್ ಮಾಡಿ ಕೊಟ್ಟೇ ಬತ್ತ್, ಒಂಚೂರೂ ಇಟ್ಕಂತಿಲ್ಲೆ. ಒಂದೊಂದ್ ಧಾತುಗೆ ಒಂದೊಂದ್ ಅಳ್ತೆ ಮೆಟ್ಲ್, ಹಾಂಗಾಯಿ ಒಂದೊಂದ್ ಬಣ್ಣ. ಇಷ್ಟ್ ಹಳದಿ ಬಂದ್ರೆ ಅಲ್ಲ್ ಸೋಡಿಯಂ ಇರ್ಲೇಬೇಕ್ ಸರ್. ಬೆಳ್ಕ್ ಸುಳ್ಳ್ ಹೇಳುದಿಲ್ಲ ಅಂದ್ಹೇಳಿ ಸರ್ರೇ ಹೇಳಿದ್ರ್." ಸರ್ರೇ ಎನ್ನುವಾಗ ಅವಳು ಶೇಖರನ ಕಡೆ ತಿರುಗಿದಳು. ಹೆದರಿಕೆಯಿಂದಲ್ಲ, ನೆರವಿಗಾಗಿಯೂ ಅಲ್ಲ. ಇವರಿಗೆ ಗೊತ್ತಿದೆ, ಇವರು ಹೇಳುತ್ತಾರೆ ಎಂಬ ನಂಬಿಕೆಯಿಂದ. ಹದಿನೆಂಟು ವರ್ಷದಲ್ಲಿ ಯಾವ ಹುಡುಗನೂ ಹುಡುಗಿಯೂ ಎಕ್ಸೈಟೆಡ್ ಸ್ಟೇಟನ್ನು ಇಷ್ಟು ಚೆಂದಾಗಿ ಅವನಿಗೆ ಹೇಳಿರಲಿಲ್ಲ. ಈಗ ತೀರ್ಮಾನವಾಗುವುದು ಲವಣದ ಎಂಟು ಅಂಕ ಅಲ್ಲ, ಈ ಹುಡುಗಿ ಇನ್ನು ಮುಂದೆ ತನ್ನ ಕಣ್ಣನ್ನು ತಾನು ನಂಬುವುದೋ ಬಿಡುವುದೋ ಎಂಬುದು ಎಂದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೇ ಕುಳಿತಿದ್ದ.

"ಬೆಳ್ಕ್ ಸುಳ್ಳ್ ಹೇಳುದಿಲ್ಲ, ಖರೆ. ಕೈ ಹೇಳತ್ತಲ್ಲ" ಎಂದ ಮನೀಷ್. "ಮನೆಯಂಗೆ ಎಂತ ಕೆಲ್ಸ?" ಅಮ್ಮ ಮೀನು ಮಾರುವುದು ಎಂದಳು. "ಮತ್ತೆ ನೀನ್?" "ಉಳ್ದ್ ಮೀನಿಗೆ ಉಪ್ಪ್ ಹಾಕಿ ಒಣ್ಗ್ಸುದ್ ನಾನೇ ಸರ್, ಶಾಲಿಗ್ ಬಪ್ಪು ಮುಂಚೆ." ಮನೀಷ್ ಚಪ್ಪಾಳೆ ತಟ್ಟಿಯೇಬಿಟ್ಟ. "ಸಿಕ್ತಲ್ಲ ಸರ್ ಸೋಡಿಯಂ! ಬೆಳಿಗ್ಗೆ ಉಪ್ಪ್ ಹಿಡ್ದ ಕೈ, ಅದೇ ಕೈಯಂಗೆ ತಂತಿ. ಏಳ್ ಸಲ ತೊಳ್ದ್ರೆ ಎಂತ, ಎಪ್ಪತ್ ಸಲ ತೊಳ್ದ್ರೆ ಎಂತ!" ಹಿಂದಿನ ಸಾಲಿನಲ್ಲಿ ಯಾರೋ ಹುಡುಗ ಕಿಸಕ್ಕನೆ ನಕ್ಕ, ಅವನ ಹಿಂದೆ ನಾಲ್ಕೈದು ಮಂದಿ. ಒಬ್ಬ ಮೂಗು ಮುಚ್ಚಿಕೊಂಡ. ಅಮಿತಾ ತನ್ನ ಕೈಗಳನ್ನು ನೋಡಿಕೊಂಡಳು. ಮೊದಲ ಸಲ ನೋಡುತ್ತಿರುವ ಹಾಗೆ ತಿರುಗಿಸಿ ಅಂಗೈ ನೋಡಿದಳು, ಉಗುರು ನೋಡಿದಳು, ಮತ್ತೆ ಮೆಲ್ಲಗೆ ಕೋಟಿನ ಜೇಬಿಗೆ ಹಾಕಿದಳು. "ಅಲ್ದಾ ಸರ್?" ಎಂದು ಮನೀಷ್ ಶೇಖರನನ್ನು ಕೇಳಿದ. ಶೇಖರ ಎದ್ದ. ನಿಜವಾಗಿಯೂ ಎದ್ದ. ಕುರ್ಚಿ ಹಿಂದೆ ಸರಿದು ಕಿರ್ರೆಂದಿತು, ಬಾಯಿ ತೆರೆದಿತ್ತು, ಮಾತು ನಾಲಗೆಯ ತುದಿಗೆ ಬಂದಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕಿಟಕಿಯ ಹತ್ತಿರ ಕುಷ್ಟ ಒರೆಸುವ ಬಟ್ಟೆ ಹಿಡಿದು ನಿಂತಿದ್ದ. ಶೇಖರ ಕುರ್ಚಿಯನ್ನು ಸರಿಮಾಡಿಕೊಂಡು ಮತ್ತೆ ಕುಳಿತ. ತಲೆ ಆಡಿಸಿದ. ಹೌದು ಎಂದು.

ಮಧ್ಯಾಹ್ನ ಅಂಕದ ಹಾಳೆ ತುಂಬುವಾಗ ಮನೀಷನೇ ಮಾತು ತೆಗೆದ. ಹುಡುಗಿಗೆ ತಲೆ ಇದೆ ಸರ್, ವೈವಾ ಫಸ್ಟ್ ಕ್ಲಾಸ್ ಹೇಳಿತು, ಲವಣಕ್ಕೂ ನೀವು ಹೇಳಿದರೆ ಪೂರಾ ಕೊಟ್ಟುಬಿಡುವ, ನಮ್ಮೊಳಗಿನ ವಿಷಯ ಎಂದ. ಎಂಥ ದಾರಿ ತೆರೆದಿತ್ತು ನೋಡಿ! ಹೂಂ ಎಂದಿದ್ದರೆ ಅಂಕವಾದರೂ ಉಳಿಯುತ್ತಿತ್ತು. ಆದರೆ ಒಬ್ಬಳಿಗೆ ಯಾಕೆ ಪೂರಾ ಎಂದು ನಾಳೆ ಯಾರಾದರೂ ಉತ್ತರ ಪತ್ರಿಕೆ ತೆರೆದು ನೋಡಿದರೆ, ಅಲ್ಲಿ ಸೋಡಿಯಂ ಕ್ಲೋರೈಡ್ ಎಂದು ದುಂಡಗೆ ಬರೆದಿದೆಯಲ್ಲ, ಎಂದು ಶೇಖರನ ಹೆದರಿದ ಬುದ್ಧಿ ಹೇಳಿತು. "ಬ್ಯಾಡ ಮನೀಷ್, ನಿಯಮ ಅಂದ್ರೆ ನಿಯಮ" ಎಂದುಬಿಟ್ಟ. ಮನೀಷನ ಮುಖದಲ್ಲಿ ಗೌರವ ಮೂಡಿತು. "ನಿಮ್ಮಂಥವ್ರ್ ಈಗ ಎಲ್ಲಿದ್ರ್ ಸರ್" ಎಂದ. ಆ ಮಾತನ್ನು ಕೇಳಿಸಿಕೊಳ್ಳುವುದಕ್ಕಿಂತ ಕೆನ್ನೆಗೆ ಒಂದು ಬಿಗಿಸಿಕೊಳ್ಳುವುದು ಲೇಸಾಗಿತ್ತು. ಎಂಟಕ್ಕೆ ಎರಡು ಎಂದು ಬರೆದು, ಲಕೋಟೆ ಅಂಟಿಸಿ, ಅರಗು ಕಾಯಿಸಿ ಸೀಲು ಒತ್ತಿದರು. ಇನ್ನು ಅದನ್ನು ತೆರೆಯುವ ಅಧಿಕಾರ ಅವನಿಗೂ ಇಲ್ಲ ಎಂದು ಗೊತ್ತಾದಾಗ ಶೇಖರನಿಗೆ ಏನನ್ನಿಸಿತು ಎಂದರೆ, ಹೇಳಬಾರದು, ಹಗುರವೆನ್ನಿಸಿತು.

ಅಮಿತಾ ಕಾರಿಡಾರಿನ ತುದಿಯಲ್ಲಿ ಕಾಯುತ್ತಿದ್ದಳು. ಗೆಳತಿಯರೆಲ್ಲ ಬಸ್ಸಿಗೆ ಹೋಗಿಯಾಗಿತ್ತು. "ಸರ್, ಒಂದ್ ಕೇಣ್ಕಾ?" ಎಂದಳು. ಅವನು ವಾಚು ನೋಡಿಕೊಂಡ, ಹೋಗಬೇಕಾದ ಜಾಗ ಎಲ್ಲೂ ಇರಲಿಲ್ಲ. "ನಾ ಕಂಡದ್ದ್ ಸುಳ್ಳಾ ಸರ್?" ಸುಳ್ಳಲ್ಲ ಮಗಾ, ನೀನೊಬ್ಬಳೇ ಕಂಡದ್ದು, ನಮಗೆಲ್ಲ ಕಣ್ಣಿದ್ದೂ ಇಲ್ಲ, ಎಂದು ಹೇಳಬೇಕಾದಲ್ಲಿ ಅವನ ಬಾಯಿಂದ ಬಂದದ್ದು, "ಒಂದೊಂದ್ ಸಲ ಹಾಂಗಾತ್ತ್. ಥಿಯರಿ ಸಮಾ ಓದ್, ಅದ್ರಂಗೆ ತೆಗಿಲಕ್ಕ್." ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. ಆ ಸ್ವಲ್ಪ ಹೊತ್ತಿನಲ್ಲಿ ಏನೋ ತೀರ್ಮಾನವಾಗುತ್ತಿದೆ ಎಂದು ಅವನಿಗೆ ಕಾಣಿಸುತ್ತಿತ್ತು, ಕೈ ಹಾಕಿ ತಡೆಯಲು ಮಾತ್ರ ಬರುತ್ತಿರಲಿಲ್ಲ. "ಹೌದ್ ಸರ್. ನಾ ಕೈ ಸಮಾ ತೊಳ್ದಿರ್ಲಿಲ್ಲ ಕಾಣತ್ತ್" ಎಂದು ಹೇಳಿ ಹೋದಳು.

"ಹ್ವಾಯ್ ಅಮ್ಮಾ, ಇದ್ರ್ಯಾ?" ಎಂಬ ಕೂಗು ಈ ಭಾನುವಾರವೂ ಗೇಟಿನಲ್ಲಿ ಕ್ಲುಪ್ತವಾಗಿ ಒಂಬತ್ತಕ್ಕೆ ಬಂತು. ಶೇಖರ ಪೇಪರನ್ನು ಮಡಚಿ ಎದ್ದು ಬಚ್ಚಲಿಗೆ ಹೋಗಬೇಕೆಂದುಕೊಂಡ, ಎದ್ದರೆ ಓಡಿದ ಹಾಗಾಗುತ್ತದೆ ಎಂದು ಕುಳಿತ. ಜಲಜ ಬುಟ್ಟಿ ಇಳಿಸಿದಳು. ಯಾವಾಗಿನಂತೆ ಕಂಬಕ್ಕೆ ಒರಗಲಿಲ್ಲ. ಮೆಟ್ಟಿಲಿನಿಂದ ಒಂದು ಮಾರು ಹಿಂದೆ, ಅವಳ ಅತ್ತೆ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮಾಷ್ಟ್ರೆ, ತಪ್ಪಾಯ್ತ್" ಎಂದಳು. ಬೈಯಲು ಬರುತ್ತಾಳೆ, ಅಳಲು ಬರುತ್ತಾಳೆ, ಜಗಳಕ್ಕೆ ಬರುತ್ತಾಳೆ ಎಂದು ಎರಡು ರಾತ್ರಿ ಹೊರಳಾಡಿ ಎಲ್ಲಕ್ಕೂ ಉತ್ತರ ಕಟ್ಟಿಟ್ಟುಕೊಂಡಿದ್ದ ಶೇಖರ ಇದೊಂದನ್ನು ಎಣಿಸಿರಲಿಲ್ಲ. "ಎಂತ ತಪ್ಪ್?" ಎಂದ. "ಹೆಣ್ಣ್ ಎಲ್ಲ ಹೇಳ್ತ್ ಮಾಷ್ಟ್ರೆ. ಬೇರೆ ಕಾಲೇಜಿನ್ ಸರ್ ಎದ್ರಂಗೆ ನಿಮ್ಮ್ ಮರ್ಯಾದಿ ತೆಗ್ದೆ ಅಂದ್ಹೇಳಿ ಕೂತ್ಕಂಡ್ ಕಣ್ಣೀರ್ ಹಾಕಿ ಕೂಗತ್ತ್. ಅದ್ರ್ ತಪ್ಪಲ್ಲ, ನಂದ್. ಪರೀಕ್ಷಿ ದಿನ ಆದ್ರೂ ಅದಕ್ಕೆ ಉಪ್ಪಿನ್ ಕೆಲ್ಸ ಕೊಡ್ಲಾಗ್ದಿತ್ತ್. ಓದುದ್ ಬರುದ್ ಬಾರ್ದಿದ್ ಹೆಂಗ್ಸ್ ನಾನ್, ನಂಗೆಂತ ಗೊತ್ತಾತ್ತ್ ಮೀನಿನುಪ್ಪು ಪಾಠಕ್ಕೂ ಹತ್ತ್ಕಂತ್ ಅಂದ್ಹೇಳಿ!"

ಬಂದು ಸಿಕ್ಕಿತಲ್ಲ ಇನ್ನೊಂದು ಸಲ, ಹೇಳಿಬಿಡು, ಇಲ್ಲಿ ಪ್ರಿನ್ಸಿಪಾಲರಿಲ್ಲ, ಮನೀಷನಿಲ್ಲ, ಕುಷ್ಟನೂ ಇಲ್ಲ ಎಂದುಕೊಂಡ ಶೇಖರ. "ಜಲಜಾ, ಅವ್ಳದ್ದ್ ಎಂತದೂ ತಪ್ಪಿಲ್ಲೆ. ಅವ್ಳ್ ಕಂಡದ್ದೇ ಸಮಾ" ಎಂದ. ಹೇಳಿದ, ದೇವರಾಣೆ ಹೇಳಿದ. ಜಲಜಳ ಕಣ್ಣಲ್ಲಿ ನೀರು ತುಂಬಿತು. "ನೀವ್ ದೊಡ್ಡ್ ಮನ್ಸಿನವ್ರ್, ಹಾಂಗ್ ಹೇಳ್ತ್ರಿ" ಎಂದಳು. "ಅಲ್ಲ ಮಾರಾಯ್ತಿ, ಕೇಣ್. ನೀರಂಗೆ ಉಪ್ಪಿತ್ತ್. ನೀರೇ ಉಪ್ಪ್!" ಈ ಸಲ ದನಿ ಜೋರಾಯಿತು. ಒಳಗಿನಿಂದ ಸ್ನೇಹಲತಾ ಇಣುಕಿ ನೋಡಿದಳು. ಜಲಜ ನಿಟ್ಟುಸಿರು ಬಿಟ್ಟು ತಲೆದೂಗಿದಳು. "ಹೌದಲ್ದಾ ಮಾಷ್ಟ್ರೆ, ಅದೂ ಇತ್ತ್. ನಮ್ಮ್ ಬದಿ ನೀರೇ ಉಪ್ಪ್. ಅದ್ರಂಗೆ ಮಿಂದ್, ಅದ್ರಂಗೆ ಕೈ ತೊಳ್ದ್ ಬಂದ್ರೆ ಹ್ಯಾಂಗ್ ಹೋತ್ತ್ ಹೇಳಿ? ಎಲ್ಲ ನಮ್ಮ್ ಹಣಿಬರ." ಕಾಲೇಜಿನ ನೀರು, ನನ್ನ ಲ್ಯಾಬಿನ ನೀರು, ನಾನು ತುಂಬಿಸಲು ಹೇಳಿದ ನೀರು ಎಂದು ಬಿಡಿಸಿ ಹೇಳಲು ಇನ್ನೊಂದೇ ಮಾತು ಬೇಕಿತ್ತು. ಆ ಒಂದು ಮಾತಿಗೆ ಅವಳು ಕಾಯುತ್ತಿರಲಿಲ್ಲ. ಕಾಯದವರ ಎದುರು ಮಾತು ಹೊರಡುವುದಿಲ್ಲ. ಹೇಳಿದೆನಲ್ಲ, ಅವಳಿಗೆ ತಿಳಿಯದಿದ್ದರೆ ನಾನೇನು ಮಾಡಲಿ ಎಂದು ಅವನ ಒಳಗೆ ಒಬ್ಬ ಆಗಲೇ ಕೈ ತೊಳೆದುಕೊಂಡು ಎದ್ದಾಗಿತ್ತು.

"ಮುಂದೆ ಎಂತ ಮಾಡತ್ತಂಬ್ರ್ ಅಮಿತಾ?" ಎಂದು ಕೇಳಿದಳು ಸ್ನೇಹಲತಾ, ಪಾತ್ರೆ ಹಿಡಿದು ಮೆಟ್ಟಿಲಿಳಿಯುತ್ತ. ಇವರು ಬಿ.ಎಸ್ಸಿ.ಗೆ ಸೇರಿಸಬೇಕು ಎನ್ನುತ್ತಿದ್ದರಲ್ಲ ಎಂದಳು. "ಇಲ್ಲಮ್ಮ, ಆ ಆಸೆ ಬಿಡ್ತ್. ಪಾಸಾರೆ ಬಿ.ಕಾಂ. ಮಾಡ್ತೆ ಅಂತ್. ನನ್ನ್ ಕೈಗೆ ಅದ್ ಆಪುದಲ್ಲ ಅಂತ್. ನಿನ್ನಿಯಿಂದ ಮೀನಿಗೆ ಉಪ್ಪ್ ಹಾಕು ಮರಿಗಿ ಬದಿಗೂ ಬತ್ತಿಲ್ಲೆ, ಪುಸ್ತ್ಕದ ಬದಿಗೂ ಹೋತಿಲ್ಲೆ" ಎಂದು ಜಲಜ ಬುಟ್ಟಿಯ ಮೇಲಿನ ಹಾಳೆ ತೆಗೆದಳು. ಬಂಗುಡೆಯ ರಾಶಿಯನ್ನು ಬದಿಗೆ ಸರಿಸಿ, ಅಡಿಯಲ್ಲಿ ಎಲೆಯಲ್ಲಿ ಸುತ್ತಿಟ್ಟಿದ್ದ ಆರು ಕಾಣೆ ಮೀನು ತೆಗೆದು ಪಾತ್ರೆಗೆ ಹಾಕಿದಳು. ಒಂದೊಂದೂ ಮೊಳದುದ್ದ, ಬೆಳಿಗ್ಗೆಯ ದೋಣಿಯದ್ದು. ಸ್ನೇಹಲತಾ ಎಷ್ಟು ಎಂದು ಕೇಳಿದಳು. "ದುಡ್ಡ್ ಬ್ಯಾಡಮ್ಮ. ಮಾಷ್ಟ್ರಿಗೆ ಅಂದ್ಹೇಳಿ ಹೆಣ್ಣೇ ಆರ್ಸಿ ಇಟ್ಟದ್ದ್. ಅದ್ರ್ ಮೇಲೆ ಬೇಜಾರ್ ಮಾಡ್ಕಂಬುದ್ ಬ್ಯಾಡ ಅಂದ್ಹೇಳಿ ಹೇಳ್ ಅಂತ್." ಬೇಡ, ತೆಗೆದುಕೊಂಡು ಹೋಗು ಎಂದು ಶೇಖರ ಕೈ ಎತ್ತಿದ. "ಹಾಂಗ್ ಹೇಳ್ಬೇಡಿ ಮಾಷ್ಟ್ರೆ, ವಾಪಸ್ ತಕಹೋದ್ರೆ ಅದ್ ಮತ್ತೆ ಕೂಗತ್ತ್" ಎಂದು ಜಲಜ ಕೈಮುಗಿದಳು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ತಲೆ ಕೆರೆದುಕೊಂಡ. ಅವಳು ಬುಟ್ಟಿ ತಲೆಗೇರಿಸಿ, ಗೇಟಿನ ಚಿಲಕ ಹಾಕಿ, ಹೈವೇಯ ಧೂಳಿನಲ್ಲಿ ಮುಂದಿನ ಮನೆಗೆ ಹೋದಳು.

ಮಧ್ಯಾಹ್ನದ ತನಕ ಅವನು ಮನೆಯೊಳಗೆ ಸುಮ್ಮನೆ ಸುತ್ತಾಡಿದ. ಹಂಗಾರಕಟ್ಟೆಗೆ ಹೋಗುವುದು ಎಂದುಕೊಂಡು ಸ್ಕೂಟರಿನ ಕೀ ಹುಡುಕಿದ, ಕೀ ಸಿಕ್ಕಿತು. ಹೋಗಿ ಏನು ಹೇಳುವುದು, ಹೇಳಿದರೆ ಹುಡುಗಿ ಕುಷ್ಟನನ್ನು ಕೇಳದೇ ಇರುತ್ತದೆಯೇ, ಪರೀಕ್ಷೆ ಮುಗಿಯಲಿ, ರಿಸಲ್ಟ್ ಬರಲಿ, ಆಮೇಲೆ ನಿಧಾನಕ್ಕೆ ಕೂರಿಸಿ ಹೇಳಿದರಾಯಿತು ಎಂದು ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದ. ನಾನು ಊಟ ಮಾಡುವುದಿಲ್ಲ, ಹಸಿವಿಲ್ಲ ಎಂದು ಹೇಳಬೇಕೆಂದು ತೀರ್ಮಾನ ಮಾಡಿದ. ಅಡುಗೆಮನೆಯಿಂದ ಕಾವಲಿಯ ಮೇಲೆ ಮಸಾಲೆ ಚುರುಗುಟ್ಟುವ ಸದ್ದೂ ಪರಿಮಳವೂ ಒಟ್ಟಿಗೆ ಬಂದವು. "ಉಂಬುಕ್ ಬನ್ನಿ, ಬಿಸಿ ಇಪ್ಪತಿಗೇ ತಿನ್ಕ್" ಎಂದು ಸ್ನೇಹಲತಾ ಕರೆದಳು. ಅವನು ಹೋಗಿ ಕುಳಿತ. ಕುಚ್ಚಲಕ್ಕಿ ಅನ್ನ, ಅದರ ಪಕ್ಕಕ್ಕೆ ಕೆಂಪಗೆ ಹುರಿದ ಇಡೀ ಒಂದು ಕಾಣೆ. ಮುಟ್ಟುವುದಿಲ್ಲ ಎಂದುಕೊಂಡು ಅನ್ನವನ್ನೇ ಎರಡು ತುತ್ತು ಉಂಡ. ಆಮೇಲೆ ಬೆನ್ನಿನ ಕಡೆಯಿಂದ ಸ್ವಲ್ಪ ಕಿತ್ತು ಬಾಯಿಗಿಟ್ಟ. ಮುಳ್ಳು ಬಿಟ್ಟುಕೊಟ್ಟು ಬಿಳಿ ಮಾಂಸ ಬೆಣ್ಣೆಯ ಹಾಗೆ ಬಂತು. ಇಂಥ ಮೀನು ಈ ವರ್ಷ ತಿಂದಿರಲಿಲ್ಲ. "ಹ್ಯಾಂಗಿತ್ತ್?" ಎಂದಳು ಹೆಂಡತಿ. ಅವನು ತಲೆ ಎತ್ತಲಿಲ್ಲ. ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಬೆರಳು ಚೀಪಿ, ಇನ್ನೊಂದು ಹಾಕು ಎಂದ.